ಕಣ್ಣಿಗೆ ಕಾಣುವ, ಕಾಲಿಗೆ ಸಿಗದ ಊರು

ಸಾಗರದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ನಮ್ಮಜ್ಜನ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತು. ನಾವು ಬೇರೆಡೆ ಬೇರು ಬಿಟ್ಟೆವು. ಪಂಜಾಬಿಗಳು ಮಾತ್ರ, ಲಾಹೋರನ್ನೇ ಕಾಣದ ಮೊಮ್ಮಕ್ಕಳೂ ಸೇರಿ, ಇನ್ನೂ 'ನಮ್ಮ ಲಾಹೋರ್' ಎನ್ನುವುದೇಕೆ?"

ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ನಿಮ್ಮ ಊರು ಮುಳುಗಿತು, ಅವರದು ಮುಳುಗಲಿಲ್ಲ. ಅಮೃತಸರದಿಂದ ಲಾಹೋರಿಗೆ ಸುಮಾರು 50 ಕಿಲೋಮೀಟರ್, ನಿಮಗೆ ಶಿವಮೊಗ್ಗ ಇರುವುದಕ್ಕಿಂತ ಹತ್ತಿರ. ಗಡಿರೇಖೆ ಪ್ರಕಟವಾದದ್ದು 1947ರ ಆಗಸ್ಟ್ 17ರಂದು, ಸ್ವಾತಂತ್ರ್ಯ ಬಂದ ಮೇಲೆ. ಗಲಭೆ ತಣ್ಣಗಾದ ಮೇಲೆ ಮರಳುತ್ತೇವೆಂದು ಎಷ್ಟೋ ಜನ ಮನೆಗೆ ಬೀಗ ಹಾಕಿ, ಕೀಲಿಯನ್ನು ನೆರೆಯವರ ಕೈಗಿತ್ತು ಹೊರಟರು. ಅವರು ಊರು ಬಿಟ್ಟವರಲ್ಲ, ಮರಳಲಾಗದವರು.

ಗುರು ನಾನಕರು ಕೊನೆಯ ವರ್ಷಗಳನ್ನು ಕಳೆದ ಕರ್ತಾರ್‌ಪುರವನ್ನೇ ನೋಡಿ. ರಾವಿ ನದಿಯಾಚೆ, ಗಡಿಯಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿದೆ. ಈಚೆ ದಡದ ಡೇರಾ ಬಾಬಾ ನಾನಕ್‌ನಲ್ಲಿ ಎತ್ತರದ ಕಟ್ಟೆಯೊಂದಿತ್ತು, ಅದರ ಮೇಲೊಂದು ದುರ್ಬೀನು. ಮುದುಕಿಯರು ಸರದಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಗದ್ದೆಗಳಾಚೆಯ ಬಿಳಿ ಗುಮ್ಮಟ ನೋಡಿ ಕೈಮುಗಿಯುತ್ತಿದ್ದರು. ಮಂಜು ಕವಿದ ದಿನ ಅದೂ ಇಲ್ಲ. 2019ರ ನವೆಂಬರ್ 9ರಂದು ವೀಸಾ ಬೇಡದ ಕಾರಿಡಾರ್ ತೆರೆಯಿತು, ಬೆಳಿಗ್ಗೆ ಹೋಗಿ ಸಂಜೆ ಮರಳುವ ದಾರಿ. 2025ರ ಮೇ ತಿಂಗಳ ಸಂಘರ್ಷದಲ್ಲಿ ಅದೂ ಮುಚ್ಚಿತು. ನನಗೆ ಇದು ಬಹಳ ನೋವಿನ ಸಂಗತಿ.

ಮೊಮ್ಮಕ್ಕಳ ಮಾತಿಗೆ ಬರುತ್ತೇನೆ. ಸಿಖ್ಖರು ದಿನವೂ ಸಲ್ಲಿಸುವ ಅರ್ದಾಸ್ ಪ್ರಾರ್ಥನೆಗೆ ವಿಭಜನೆಯ ನಂತರ ಒಂದು ಕೋರಿಕೆ ಸೇರಿತು: ಗುರು ನಾನಕರು ಹುಟ್ಟಿದ ನನಕಾನಾ ಸಾಹಿಬ್ ಮೊದಲಾದ, ನಮ್ಮಿಂದ ಅಗಲಿಸಿದ ಗುರುದ್ವಾರಗಳ 'ಖುಲ್ಲೇ ದರ್ಶನ್ ದೀದಾರ್', ಅಂದರೆ ತಡೆಯಿಲ್ಲದ ದರ್ಶನ, ಕರುಣಿಸು ಎಂದು. ತಾಯಿಯ ಮಡಿಲಲ್ಲಿ ಕುಳಿತ ಮಗುವಿನ ಕಿವಿಗೂ ಅದು ದಿನವೂ ಬೀಳುತ್ತದೆ. ಹೀಗೆ ಬೆಳೆದ ಮಗು ಆಚೆಯ ನೆಲವನ್ನು ಪರರದ್ದೆಂದು ಹೇಗೆ ತಿಳಿದೀತು?

ಹಂಬಲ ಈಚೆಯವರದು ಮಾತ್ರವಲ್ಲ. ಜಲಂಧರ್, ಹೋಶಿಯಾರ್‌ಪುರಗಳಿಂದ ಹೊರಟ ಮುಸ್ಲಿಂ ಕುಟುಂಬಗಳು ಆಚೆಯ ಲಾಯಲ್‌ಪುರದಲ್ಲಿ ನೆಲೆಸಿದವು. ಆ ಮನೆಗಳ ಮಕ್ಕಳು ಇಂದು ಮೊಬೈಲ್‌ನಲ್ಲಿ ಅಜ್ಜನ ಹಳ್ಳಿಯ ಬಾವಿ ತೋರಿಸಿ ಎಂದು ಈಚೆಯವರನ್ನು ಕೇಳುತ್ತಾರೆ. ಲಾಯಲ್‌ಪುರದ ಹೆಸರು ಮುಂದೆ ಫೈಸಲಾಬಾದ್ ಆಯಿತು. ಜಲಂಧರಿನಲ್ಲಿ ಮಾತ್ರ ಲಾಯಲ್‌ಪುರ ಖಾಲ್ಸಾ ಕಾಲೇಜು ಹಳೆಯ ಹೆಸರಿನಲ್ಲೇ ನಡೆಯುತ್ತಿದೆ.

ಮಳೆ ಕೈಕೊಟ್ಟ ವರ್ಷ ನಿಮ್ಮ ಹಿನ್ನೀರು ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ನೀವೂ ಹೋಗಿರಬಹುದು. ಪತ್ರದಲ್ಲಿ ಅಜ್ಜನ ಊರಿನ ಹೆಸರು ಬರೆದಿಲ್ಲ. ದಯವಿಟ್ಟು ಬರೆದು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

- ಸಂಪಾದಕ