ಡಚ್ ಜೋಡುಪದವನ್ನು ಎಲ್ಲಿ ಬಿಡಿಸಬೇಕು?

ಪ್ರಶ್ನೆ: ನಾನು ನರ್ಸ್. ನೆದರ್‌ಲ್ಯಾಂಡ್ಸ್‌ಗೆ ಹೋಗಬೇಕೆಂದು ಡಚ್ ಕಲಿಯುತ್ತಿದ್ದೇನೆ. ಉಚ್ಚಾರವನ್ನು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಜೋಡುಪದಗಳಲ್ಲಿ ಎಲ್ಲಿ ಬಿಡಿಸಬೇಕು, ಎಲ್ಲಿ ಒತ್ತಿ ಹೇಳಬೇಕು ತಿಳಿಯುತ್ತಿಲ್ಲ. ‘ಹಾಯ್ಸಾರ್ತ್ಸ್’ ಅಂದಾಗಲೆಲ್ಲ ಟೀಚರ್ ತಿದ್ದುತ್ತಾರೆ. ಯಾಕೆ?
— ಓದುಗರು, ಬದಿಯಡ್ಕ

ಉತ್ತರ: ನೀವು ಬರೆದುಕೊಂಡ ರೀತಿಯಲ್ಲೇ ಕಾರಣ ಇದೆ. ಸ್ ಪಕ್ಕ ಆ ಬಂದರೆ ನಮ್ಮ ಕೈ ತಾನಾಗಿ ‘ಸಾ’ ಬರೆಯುತ್ತದೆ, ಅಲ್ವಾ? ನಿಮ್ಮ ಊರಿನ ಹೆಸರನ್ನೇ ನೋಡಿ. ಬದಿಗೆ ಅಡ್ಕ ಸೇರುವಾಗ ನಡುವೆ ಒಂದು ‘ಯ’ ಬಂದು ಕೂತಿದೆ. ನಮಗೆ ಸಂಧಿ ಮಾಡಿಯೇ ರೂಢಿ. ಡಚ್ಚರು ಜೋಡುಪದದಲ್ಲಿ ಹಾಗೆ ಬೆಸೆಯುವುದಿಲ್ಲ. ಹಾಯ್ಸ್ ಅಂದರೆ ಮನೆ, ಆರ್ತ್ಸ್ ಅಂದರೆ ಡಾಕ್ಟ್ರು. ಎರಡೂ ಸೇರಿ ನಮ್ಮ ಫ್ಯಾಮಿಲಿ ಡಾಕ್ಟ್ರು. ಹಾಯ್ಸ್-ಆರ್ತ್ಸ್ ಅಂತಲೇ ಬಿಡಿಸಿ.

ಬಿಡಿ ಪದವಾದರೆ ನಮ್ಮ ಹಾಗೆಯೇ, ನಡುವಿನ ಒಂಟಿ ವ್ಯಂಜನ ಮುಂದಿನ ಸ್ವರಕ್ಕೆ ಸೇರುತ್ತದೆ: ನೀರಿಗೆ ವಾ-ತರ್. ಜೋಡುಪದದಲ್ಲಿ ಮಾತ್ರ ಪದದ ಗಡಿಯೇ ಗಡಿ.

ನನಗೆ ಬಹಳ ಇಷ್ಟವಾದ ಉದಾಹರಣೆ ರಾತ್ರಿಯೂಟದ್ದು. ಸಂಜೆಗೆ ಅವರು ಬರೆಯುವುದು ‘ಆವೊಂದ್’, ಹೇಳುವುದು ‘ಆವೊಂತ್’, ಯಾಕೆಂದರೆ ಡಚ್ಚಿನಲ್ಲಿ ಪದದ ಕೊನೆಯ ದ್ ಬಾಯಲ್ಲಿ ತ್ ಆಗುತ್ತದೆ. ಅದಕ್ಕೆ ಊಟದ ‘ಏತನ್’ ಸೇರಿಸಿ. ಮುಂದೆ ಸ್ವರ ಬಂದರೂ ದ್ ಮರಳುವುದಿಲ್ಲ, ಆವೊಂತ್-ಏತನ್ ಎಂದೇ ಹೇಳುತ್ತಾರೆ. ನಮ್ಮಲ್ಲಿ ವಾಕ್, ಈಶ ಸೇರಿ ವಾಗೀಶ ಆಗುತ್ತದಲ್ಲ, ಅದಕ್ಕೆ ಪೂರಾ ಉಲ್ಟಾ.

ಇನ್ನು ಒತ್ತು. ಜಾಸ್ತಿ ಜೋಡುನಾಮಗಳಲ್ಲಿ ಮೊದಲ ಪದಕ್ಕೇ ಬಲ. ಆಸ್ಪತ್ರೆಗೆ ಜೀಕನ್-ಹಾಯ್ಸ್, ಬಲ ‘ಜೀ’ ಮೇಲೆ. ಕೆಲವು ತಪ್ಪಿಸಿಕೊಳ್ಳುತ್ತವೆ: ನಗರಾಡಳಿತದ ಕಟ್ಟಡ ಸ್ತತ್-ಹಾಯ್ಸ್, ಅಲ್ಲಿ ಬಲ ‘ಹಾಯ್ಸ್’ ಮೇಲೆ. ಅಂಥವನ್ನು ಬಾಯಿಪಾಠ ಮಾಡಲೇಬೇಕು. ಬಲ ಕೊಡುವುದು ಅಂದರೆ ಸುಮ್ನೆ ಉದ್ದ ಎಳೆಯುವುದು ಅಂದುಕೊಳ್ಳಬೇಡಿ. ನಮಗೆ ಬಳೆ ಬೇರೆ, ಬಾಳೆ ಬೇರೆ ಅನ್ನುವ ಅಭ್ಯಾಸ ಇರುವುದರಿಂದ ಇದು ಸುಲಭಕ್ಕೆ ಬರುವುದಿಲ್ಲ. ದನಿ ಸ್ವಲ್ಪ ಏರಿಸಿ, ಗಟ್ಟಿ ಮಾಡಿ.

ನರ್ಸ್ ಆದ ನಿಮಗೆ ಇದು ತೀರ ಮುಖ್ಯ. ‘ವೋರ್‌ಕೋಮನ್’ ಎಂಬ ಕ್ರಿಯಾಪದದಲ್ಲಿ ಬಲ ‘ವೋರ್’ ಮೇಲಿದ್ದರೆ ‘ಕಂಡುಬರುವುದು’, ‘ಕೋ’ ಮೇಲಿದ್ದರೆ ‘ತಡೆಯುವುದು’. ರೋಗ ಬರುತ್ತದೆಯೋ, ರೋಗವನ್ನು ತಡೆಯಬೇಕೋ, ಅಷ್ಟು ವ್ಯತ್ಯಾಸ!

ನೋಟ್‌ಬುಕ್‌ನಲ್ಲಿ ಎರಡು ಪದಗಳ ನಡುವೆ ಒಂದು ಗೆರೆ ಎಳೆಯಿರಿ, ಬಲ ಬೀಳುವ ಕಡೆ ಅಡಿಗೆರೆ ಹಾಕಿ. ನಡುವೆ ಬರುವ ಜೋಡಿಸುವ ಸ್ ಎಡಗಡೆಗೆ ಸೇರುತ್ತದೆ: ಟ್ರಾಫಿಕ್ ಲೈಟಿಗೆ ವರ್‌ಕೇರ್ಸ್-ಲಿಖ್ತ್, ಬಲ ‘ಕೇರ್ಸ್’ ಮೇಲೆ.