ಓದುಗರ ಪ್ರಶ್ನೆ: ಮನೆಯ ಪಕ್ಕದಲ್ಲೇ 11 ಕೆವಿ ತಂತಿ

ಪ್ರಶ್ನೆ: ನಮ್ಮ ಮನೆಯ ಮೇಲೆ ಒಂದು ಮಹಡಿ ಕಟ್ಟಿ ಶೀಟಿನ ಮಾಡು ಹಾಕಿಸಬೇಕೆಂದಿದ್ದೇವೆ. ಪಕ್ಕದಲ್ಲಿ ಅದೇ ಎತ್ತರಕ್ಕೆ 11 ಕೆವಿ, ಅಂದರೆ 11 ಸಾವಿರ ವೋಲ್ಟಿನ, ವಿದ್ಯುತ್ ತಂತಿ ಹಾದುಹೋಗಿದೆ. ಗೋಡೆಯಿಂದ ತಂತಿಗೆ ಐದು ಅಡಿ ಇದೆ, ನಾಲ್ಕು ಅಡಿ ಇದ್ದರೆ ಸಾಕು ಎನ್ನುತ್ತಾರೆ ಮೇಸ್ತ್ರಿ. ಇದು ಸರಿಯೇ?
– ಓದುಗರೊಬ್ಬರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ನಾಲ್ಕು ಅಡಿಯ ಲೆಕ್ಕ ನಿಯಮದಲ್ಲಿರುವುದು ನಿಜ, ಆದರೆ ಅದನ್ನು ಗೋಡೆಯಿಂದ ಅಳೆದದ್ದು ಸರಿಯಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ, 11 ಕೆವಿವರೆಗಿನ ತಂತಿ ಕಟ್ಟಡದ ಪಕ್ಕದಲ್ಲಿ ಹಾದುಹೋದರೆ, ಕಟ್ಟಡದಲ್ಲಿ ತಂತಿಗೆ ಅತಿ ಸಮೀಪವಿರುವ ಭಾಗದಿಂದ ಅಡ್ಡಲಾಗಿ ಕನಿಷ್ಠ 1.2 ಮೀಟರ್, ಅಂದರೆ ಸುಮಾರು ನಾಲ್ಕು ಅಡಿ ಅಂತರವಿರಬೇಕು. ಕೊಡಗಿನ ಮಳೆಗೆ ಗೋಡೆ ನೆನೆಯದಿರಲೆಂದು ನಾವು ಸೂರನ್ನು ಎರಡು ಮೂರು ಅಡಿ ಹೊರಚಾಚಿಸುತ್ತೇವೆ. ನಿಮ್ಮ ಶೀಟೂ ಮೂರು ಅಡಿ ಚಾಚಿಕೊಂಡರೆ ಉಳಿಯುವುದು ಎರಡೇ ಅಡಿ.

ಅದೂ ಗಾಳಿಯಿಲ್ಲದ ದಿನದ ಅಳತೆ. ತಂತಿ ಇದ್ದಲ್ಲೇ ಇರುವುದಿಲ್ಲ. ಬೇಸಿಗೆಯ ಬಿಸಿಲಿಗೆ ಮತ್ತು ವಿದ್ಯುತ್ತಿನ ಹೊರೆಗೆ ಕಾದು ಹಿಗ್ಗಿ ಕೆಳಕ್ಕೆ ಜೋಲುತ್ತದೆ, ಜುಲೈ ತಿಂಗಳ ಗಾಳಿಗೆ ಪಕ್ಕಕ್ಕೆ ತೂಗುತ್ತದೆ. ಆದ್ದರಿಂದಲೇ ನಿಯಮವು ತಂತಿ ಅತ್ಯಂತ ಜೋತಾಗ ಮತ್ತು ಗಾಳಿಗೆ ಅತ್ಯಂತ ವಾಲಿದಾಗ ಇರುವ ಅಂತರವನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ತಂತಿಯು ಮನೆಯ ಮೇಲಿನಿಂದಲೇ ಹಾದುಹೋಗುವುದಾದರೆ, ಮಾಡಿನ ಅತಿ ಎತ್ತರದ ಭಾಗದಿಂದ 11 ಕೆವಿ ತಂತಿಗೆ 3.7 ಮೀಟರ್, ಮನೆಗಳಿಗೆ ಸಂಪರ್ಕ ಕೊಡುವ ಎಲ್‌ಟಿ ತಂತಿಗೆ 2.5 ಮೀಟರ್ ಬೇಕು.

ದಯವಿಟ್ಟು ಟೇಪು, ಕೋಲು ಹಿಡಿದು ನೀವೇ ಅಳೆಯಲು ಹೋಗಬೇಡಿ. ಕೆಲಸ ಆರಂಭಿಸುವ ಮೊದಲೇ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ, ಅಂದರೆ ಸೆಸ್ಕ್‌ನ, ನಿಮ್ಮ ಉಪವಿಭಾಗ ಕಚೇರಿಗೂ ವಿದ್ಯುತ್ ಪರಿವೀಕ್ಷಕರಿಗೂ ಲಿಖಿತವಾಗಿ ತಿಳಿಸುವುದು ಮಾಲೀಕರ ಹೊಣೆ. ತಂತಿ ಮೊದಲೇ ಇದ್ದು ಮನೆಯನ್ನು ಆಮೇಲೆ ಎತ್ತರಿಸುವುದರಿಂದ ಮಾರ್ಗ ಬದಲಿಸುವ ಖರ್ಚು ಸಾಮಾನ್ಯವಾಗಿ ನಿಮ್ಮ ಮೇಲೆಯೇ ಬೀಳುತ್ತದೆ. ಮಾರ್ಗ ಬದಲಾಗುವ ತನಕ ಆ ಬದಿಯಲ್ಲಿ ಕಬ್ಬಿಣದ ಸರಳು, ಶೀಟು ಎತ್ತಿಸಬೇಡಿ. ಕಟ್ಟಡ ಕೆಲಸದ ಆಳುಗಳಿಗೆ ಅಪಾಯ ಹೆಚ್ಚಿರುವುದು ಅವನ್ನು ಎತ್ತುವಾಗಲೇ.

ಪ್ರಶ್ನೆ: ತೋಟದೊಳಗೆ ತಂತಿ ಇರುವಲ್ಲಿ ಕರಿಮೆಣಸು ಕೊಯ್ಯಲು ಅಲ್ಯೂಮಿನಿಯಂ ಏಣಿ ಬಳಸಬಹುದೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಖಂಡಿತ ಬೇಡ. ಇಬ್ಬನಿಗೆ ನೆನೆದಿದ್ದರೆ ಬಿದಿರಿನ ಏಣಿಯಲ್ಲೂ ವಿದ್ಯುತ್ ಹರಿಯಬಲ್ಲದು. ತಂತಿಯ ಕೆಳಗಿನ ಮರಗಳ ಕೊಯ್ಲನ್ನೂ ಕಪಾತನ್ನೂ (ಕೊಂಬೆ ಕಡಿಯುವುದನ್ನೂ) ಸೆಸ್ಕ್‌ನವರಿಗೆ ಮೊದಲೇ ತಿಳಿಸಿ, ಅವರು ಮಾರ್ಗದ ವಿದ್ಯುತ್ ಕಡಿತಗೊಳಿಸಿದ್ದು ಖಚಿತವಾದ ಮೇಲಷ್ಟೇ ಮಾಡಿಸಿ. ಏಣಿಯನ್ನು ಸಾಗಿಸುವಾಗ ನೆಟ್ಟಗೆ ಹಿಡಿಯದೆ, ಇಬ್ಬರು ಸೇರಿ ಅಡ್ಡಲಾಗಿ ಹೊರಬೇಕು. ಏಣಿ ತಂತಿಗೆ ತಗುಲಿಬಿಟ್ಟರೆ ಅದನ್ನಾಗಲಿ, ಅದನ್ನು ಹಿಡಿದವರನ್ನಾಗಲಿ ಮುಟ್ಟದೆ ದೂರ ನಿಂತು, ತಕ್ಷಣ 1912ಕ್ಕೆ ಕರೆ ಮಾಡಿ ವಿದ್ಯುತ್ ನಿಲ್ಲಿಸಲು ಹೇಳಿ.