ಹಾಲು–ಡಿಕಾಕ್ಷನ್ ಅಲ್ಲ, ಬಟಾಣಿ

ನಮಸ್ಕಾರ,

ಹೆತ್ತವರ ಗುಣ ಮಕ್ಕಳಿಗೆ ಬರುವ ಬಗ್ಗೆ ನೀವು ಬರೆದ 'ರಕ್ತಗುಣ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ನೋಡುತ್ತೇನೆ.

ಮೊದಲ ಪುಟ ಪೂರ್ತಿ ತೆಗೆದುಬಿಡಿ. 'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂದು ಶುರುವಾಗುವ ಲೇಖನಗಳನ್ನು ಓದಿ ಓದಿ ಸಾಕಾಗಿದೆ. ನಿಮ್ಮ ಲೇಖನ ನಿಜಕ್ಕೂ ಶುರುವಾಗುವುದು ಎರಡನೇ ಪುಟದಲ್ಲಿ, ಅಜ್ಜನ ಬೆಕ್ಕಿನ ಕಣ್ಣು ಅಪ್ಪನಿಗೆ ಬಾರದೆ ತಂಗಿಗೆ ಬಂತು ಎನ್ನುವಲ್ಲಿ.

ತೊಡಕು ಅದರ ಮುಂದಿನ ಸಾಲಿನಲ್ಲೇ ಇದೆ. ಅಪ್ಪ ಅಮ್ಮನ ಗುಣಗಳು ಹಾಲು, ಡಿಕಾಕ್ಷನ್ ಬೆರೆತಂತೆ ಬೆರೆಯುತ್ತವೆ ಅಂದಿದ್ದೀರಿ. ಕಾಫಿ ಬೆರೆಸಿದ ಮೇಲೆ ಹಾಲನ್ನು ವಾಪಸ್ ತೆಗೆಯೋಕೆ ಆಗುತ್ತಾ? ಮತ್ತೆ ಅಜ್ಜನ ಕಣ್ಣು ತಂಗಿಗೆ ಬಂದದ್ದು ಹೇಗೆ?

ಈ ಗಂಟು ಬಿಡಿಸಿದವರು ಮೆಂಡೆಲ್. ಅವರಿಗೆ ನೀವು ಕೊಟ್ಟಿರುವುದು ಒಂದೇ ಸಾಲು, ಅದೂ ಸುಮ್ನೆ ಹೊಗಳಿಕೆ. ಇಂದಿನ ಚೆಕ್ ದೇಶದ ಬ್ರನೋ ಊರಿನ ಮಠದಲ್ಲಿದ್ದ ಪಾದ್ರಿ ಅವರು. 1856ರಿಂದ ಎಂಟು ವರ್ಷ ಅಲ್ಲಿ ಬಟಾಣಿ ಬೆಳೆದರು. ದುಂಡು ಕಾಳಿನ ತಳಿಗೂ ಸುಕ್ಕು ಕಾಳಿನ ತಳಿಗೂ ಪರಾಗ ಕೂಡಿಸಿದರೆ ಬಂದದ್ದೆಲ್ಲ ದುಂಡು. ಅರೆಸುಕ್ಕಿನದು ಒಂದೂ ಇಲ್ಲ. ಆ ಕಾಳು ಬಿತ್ತಿ, ಗಿಡಗಳನ್ನು ಅವುಗಳ ಪಾಡಿಗೆ ಕಾಯಿ ಕಟ್ಟಲು ಬಿಟ್ಟರು. ಆಗ ಸಿಕ್ಕಿದ್ದು 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಸುಕ್ಕು ಎಲ್ಲೂ ಕರಗಿಹೋಗಿರಲಿಲ್ಲ, ಅಡಗಿ ಕೂತಿತ್ತು. ಒಟ್ಟು 7,324 ಕಾಳು! ಆ ಎಣಿಕೆಯನ್ನು ಬರೆಯಿರಿ ಮಾರಾಯರೆ.

'ಪ್ರಬಲ ಜೀನ್ ದುರ್ಬಲ ಜೀನನ್ನು ಸೋಲಿಸುತ್ತದೆ' ಎಂದಿದ್ದೀರಿ. ಇದೇನು ಕುಸ್ತಿಯಾ? ಜೀನ್ ಅಂದರೆ ಪೀಳಿಗೆಯಿಂದ ಪೀಳಿಗೆಗೆ ಗುಣ ಒಯ್ಯುವ ಸೂಚನೆ. ಸುಕ್ಕು ಕಾಳಿನಲ್ಲಿ ಪಿಷ್ಟ ಕಟ್ಟುವ ಒಂದು ಕಿಣ್ವದ ಜೀನ್ ಕೆಟ್ಟಿರುತ್ತದೆ. ಸಕ್ಕರೆ ಪಿಷ್ಟವಾಗದೆ ಜಾಸ್ತಿ ಉಳಿಯುತ್ತದೆ. ಕಾಳು ನೀರು ಎಳೆದುಕೊಂಡು ಉಬ್ಬುತ್ತದೆ, ಒಣಗಿದಾಗ ಸಿಪ್ಪೆ ಸುಕ್ಕಾಗುತ್ತದೆ. ಹಸಿಯಾಗಿದ್ದಾಗ ಅದು ಸಿಹಿ ಇರುವುದೂ ಇದಕ್ಕೇ. ಜೀನ್ ಇರುವುದು ಜೋಡಿಯಾಗಿ, ತಾಯಿ ಕಡೆಯದೊಂದು, ತಂದೆ ಕಡೆಯದೊಂದು. ಆ ಜೋಡಿಯಲ್ಲಿ ಒಂದು ಸರಿಯಿದ್ದರೂ ಕಾಳು ದುಂಡಗಾಗುತ್ತದೆ, ಅಷ್ಟೇ.

ಹಾಗಂತ ತಂಗಿಯ ಕಣ್ಣಿಗೂ ಇದೇ ಮೂರಕ್ಕೊಂದರ ಲೆಕ್ಕ ಹಚ್ಚಬೇಡಿ. ಕಣ್ಣಿನ ಬಣ್ಣಕ್ಕೆ ಹಲವು ಜೀನುಗಳು ಕೈ ಹಾಕುತ್ತವೆ. ಎತ್ತರ, ಮೈಬಣ್ಣದಲ್ಲಂತೂ ಇನ್ನೂ ಜಾಸ್ತಿ. ಬೆರೆತ ಹಾಗೆ ಕಾಣುವುದು ಅದಕ್ಕೇ.

ತಲೆಬರಹದಲ್ಲಿ 'ರಕ್ತ' ಬೇಡ. ತಾಯಿಯ ಅಂಡದಿಂದ 23, ತಂದೆಯ ವೀರ್ಯಾಣುವಿನಿಂದ 23 ವರ್ಣತಂತು, ಅಂದರೆ ಜೀನುಗಳನ್ನು ಹೊತ್ತ ಎಳೆಗಳು, ಬರುತ್ತವೆ. ರಕ್ತಕ್ಕೆ ಅಲ್ಲಿ ಕೆಲಸವೇ ಇಲ್ಲ.

ಅಂದ ಹಾಗೆ, ಅಜ್ಜನ ಕಣ್ಣು ತೋರಿಸಲೆಂದು ಕಳಿಸಿದ ಫೋಟೊ ಕಪ್ಪು-ಬಿಳುಪಿನದು. ಬಣ್ಣ ಹೇಗೆ ಕಾಣಬೇಕು ಹೇಳಿ? ತಂಗಿ ಒಪ್ಪಿದರೆ ಅವರದೇ ಒಂದು ಕಳಿಸಿ.

ಇಂತಿ,
ಸಂಪಾದಕ